ತಕರಾರು ಕೊಟ್ಟವನ ಎಂಜಿನ್

ಓರಿನ್‌ನ ಟ್ರ್ಯಾಕ್ಟರ್ ಮೋಸದ್ದು ಎಂಬುದರಲ್ಲಿ ವರ್ಲಿನ್‌ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಭಾರದ ಬಂಡಿ ಎಳೆಯುವ ಸ್ಪರ್ಧೆಯಲ್ಲಿ ವರ್ಲಿನ್ ಬಂಡಿಯನ್ನು ಎಳೆದು ತಲುಪಿಸಿದ್ದ ಗೆರೆಯನ್ನು ಅದು ಅವನ ಕಣ್ಣೆದುರಿಗೇ ದಾಟಿತು. ಇನ್ನೂ ಒಂದು ಮಾರು ಮುಂದೆ ಹೋಯಿತು. ಆಮೇಲೆ ಹಿಂದಿನ ಚಕ್ರ ಮಣ್ಣಿನಲ್ಲಿ ಹೂತು ನಿಂತಿತು. ಹುಲ್ಲು ಕತ್ತರಿಸಲು ಹುಟ್ಟಿದ, ಸೊಂಟದೆತ್ತರದ ಪುಟ್ಟ ಯಂತ್ರ. ಅದರ ಮೇಲೆ ಕಡ್ಡಿಯಂಥ ಓರಿನ್. ಅಮೆರಿಕದ ಇಂಡಿಯಾನಾದ ಆ ಊರಿಗೆ ಊರೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ತಕರಾರು ಕೊಡ್ತೀನಿ," ಎಂದ ವರ್ಲಿನ್. "ಅವನ ಎಂಜಿನ್ ಬಿಚ್ಚಿಸ್ತೀನಿ."

ಮಡಚುವ ಕುರ್ಚಿಯಲ್ಲಿ ಕೂತಿದ್ದ ಅವನ ಹೆಂಡತಿ ನಡೀನ್ ಹೆಣಿಗೆಯಿಂದ ತಲೆ ಎತ್ತಲಿಲ್ಲ. "ಬಿಡು ವರ್ಲಿನ್. ಒಂದು ಸಲ ಸೋತ್ರೆ ಆಕಾಶ ಏನು ಕಳಚಿ ಬೀಳಲ್ಲ."

ವರ್ಲಿನ್‌ನ ಪಾಲಿಗೆ ಆಗಲೇ ಬಿದ್ದಿತ್ತು. ಅವನು ಎಷ್ಟೋ ವರ್ಷಗಳಿಂದ 'ಮೂಲ ಎಂಜಿನ್' ವಿಭಾಗದ ಚಾಂಪಿಯನ್. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೆಯೇ ಎಂಜಿನ್ ಇರಬೇಕು ಎಂಬ ಈ ವಿಭಾಗಕ್ಕೆ ಅವನೇ ಧರ್ಮರಾಯ. ತನ್ನ ಎಂಜಿನ್‌ಗೆ ಇವತ್ತಿನವರೆಗೆ ಸ್ಪ್ಯಾನರ್ ಮುಟ್ಟಿಸಿದವನಲ್ಲ. ಮೇಲಿನ ಮುಚ್ಚಳಕ್ಕೆ ಮೇಣ ಹಚ್ಚಿ, ಮುಖ ಕಾಣುವಷ್ಟು ಉಜ್ಜುತ್ತಿದ್ದ, ಅಷ್ಟೇ. "ಗೆಲುವು ಎಂಜಿನ್‌ನಲ್ಲಿಲ್ಲ, ಇಲ್ಲಿದೆ," ಎಂದು ವೇಗದ ಹಿಡಿಕೆ ತಳ್ಳುವ ಬಲಗೈಯನ್ನು ಹೊಸಬರಿಗೆ ಎತ್ತಿ ತೋರಿಸುತ್ತಿದ್ದ. ಚಳಿಗಾಲವಿಡೀ ಫ್ಲಾರಿಡಾದಲ್ಲಿ ತಮ್ಮನ ಜೊತೆ ಮೀನು ಹಿಡಿದು ಬಂದ ಮೇಲೆ ಪ್ರತಿ ವರ್ಷವೂ ಎಳೆತ ಇನ್ನಷ್ಟು ಜೋರಾಗುತ್ತಿತ್ತು. ಬಿಸಿಲು ಕೈಗೆ ಒಳ್ಳೆಯದು ಎಂದು ಅವನು ತೀರ್ಮಾನಿಸಿದ್ದ.

"ಹೌದು, ಒಳ್ಳೆ ಕೈ," ಎನ್ನುತ್ತಿದ್ದಳು ನಡೀನ್.

ಹೆಂಗಸರು ಟ್ರ್ಯಾಕ್ಟರ್ ಮುಟ್ಟಬಾರದು, ಸ್ಯಾಂಡ್‌ವಿಚ್ ಬುಟ್ಟಿ ಹೊರಬೇಕು ಎಂಬುದು ಅವನ ಮನೆಯ ಕಾನೂನು. ಹೆಣ್ಣು ಕೊಟ್ಟ ಮಾವ ಎಂಜಿನ್ ರಿಪೇರಿಯವನಾಗಿದ್ದರೂ ಅದನ್ನು ಸಡಿಲಿಸಿರಲಿಲ್ಲ.

ಓರಿನ್ ಪಕ್ಕದ ಮನೆಯವನು. ಹೆಂಡತಿ ತೀರಿಕೊಂಡ ಮೇಲೆ ಹೊತ್ತು ಹೋಗದೆ ಒಂದು ಹಳೇ ಟ್ರ್ಯಾಕ್ಟರ್ ಕೊಂಡುಕೊಂಡ. ಆಗ ವರ್ಲಿನ್‌ಗೆ ಒಂದು ಉಪಾಯ ಹೊಳೆಯಿತು. ಸ್ಪರ್ಧೆಯಲ್ಲಿ ಟ್ರ್ಯಾಕ್ಟರನ್ನೂ ಅದರ ಮೇಲೆ ಕೂತವನನ್ನೂ ಒಟ್ಟಿಗೆ ತೂಗುತ್ತಾರೆ, ಒಟ್ಟು ತೂಕ ಮಿತಿ ದಾಟುವಂತಿಲ್ಲ. ಕೂತವನು ಉಬ್ಬಿದಷ್ಟೂ ಟ್ರ್ಯಾಕ್ಟರಿನ ಮೂತಿಗೆ ನೇತುಹಾಕುವ ಕಬ್ಬಿಣ ಕಡಿಮೆ ಮಾಡಬೇಕು. ಮೂತಿ ಹಗುರಾದರೆ ಮುಂದಿನ ಚಕ್ರ ಮೇಲೆದ್ದು ಆಟ ಮುಗಿಯುತ್ತದೆ. ಇದಕ್ಕೇ ವರ್ಲಿನ್ ವರ್ಷವಿಡೀ ಬೇಯಿಸಿದ ಎಲೆಕೋಸು ತಿಂದು ಬದುಕಿದ್ದ.

"ಓರಿನ್‌ಗೆ ಬೆಣ್ಣೆ ಸಕ್ಕರೆ ಸುರಿದು ಪೈ ಮಾಡಿ ಕೊಟ್ಟು ಬಾ," ಎಂದಿದ್ದ ಹೆಂಡತಿಗೆ. "ತಿಂದು ಮುಗಿಸೋವರೆಗೂ ಅಲ್ಲೇ ಕೂತಿರು."

"ದಿನಾ ಹೋಗ್ಲಾ?"

"ದಿನಾ ಹೋಗು."

ನಡೀನ್‌ಳ ಕೆನ್ನೆ ಕೆಂಪಾಗಿತ್ತು. "ನೀನೇ ಕಳಿಸ್ತಿರೋದು. ಆಮೇಲೆ ನನ್ನ ಬೈಬೇಡ."

ಅಂದಿನಿಂದ ಅವಳು ಮಧ್ಯಾಹ್ನ ಹೋದರೆ ಸಂಜೆ ಬರುತ್ತಿದ್ದಳು. ಕೂದಲು ಕೆದರಿರುತ್ತಿತ್ತು, ಬಾಯಲ್ಲೊಂದು ಹಾಡಿರುತ್ತಿತ್ತು. ಬಂದವಳೇ ನೇರ ಬಚ್ಚಲಿಗೆ ಹೋಗುತ್ತಿದ್ದಳು. ಟ್ರ್ಯಾಕ್ಟರ್ ಕ್ಲಬ್ಬಿನವರು ಮುಸಿಮುಸಿ ನಕ್ಕರು. ವರ್ಲಿನ್‌ಗೆ ಇದ್ದದ್ದು ಒಂದೇ ಚಿಂತೆ: ಅಷ್ಟು ಪೈ ತಿಂದರೂ ಈ ಓರಿನ್ ದಪ್ಪಗಾಗುತ್ತಿಲ್ಲವಲ್ಲ.

ಈಗ ಅವನು ಎದ್ದು ಪರೀಕ್ಷಕ ಡಾರೆಲ್‌ನ ಮೇಜಿನತ್ತ ಹೊರಟ. ನಡೀನ್ ಅವನ ತೋಳು ಹಿಡಿದಳು.

"ನಿನ್ನ ಎಂಜಿನ್ನೂ ಬಿಚ್ತಾರೆ, ಗೊತ್ತಲ್ಲ?"

ಗೊತ್ತಿಲ್ಲದೆ ಏನು? ತಕರಾರು ಕೊಟ್ಟವನ ಎಂಜಿನ್ನನ್ನೂ ಬಿಚ್ಚಬೇಕು, ಮೋಸ ಸಿಕ್ಕಿದವನು ಗೆದ್ದ ಕಪ್‌ಗಳನ್ನೆಲ್ಲ ಹಿಂದಿರುಗಿಸಿ ಕ್ಲಬ್ ಬಿಟ್ಟು ತೊಲಗಬೇಕು ಎಂಬ ನಿಯಮ ಬರೆದವನೇ ಅವನು. ಕಳ್ಳರು ಯಾರೂ ತನ್ನ ಮೇಲೆ ಬೆರಳು ತೋರಿಸದಿರಲಿ ಎಂದೇ ಬರೆದಿದ್ದ.

"ಬಿಚ್ಚಲಿ. ನೋಡಿ ಕಲೀಲಿ."

"ಬೇಡ, ನನ್ನ ಮಾತು ಕೇಳು. ಮನೆಗೆ ಹೋಗೋಣ."

"ಅವನ ಮೇಲೆ ಏನೇ ಅಷ್ಟು ಮರುಕ ನಿಂಗೆ?"

ಅವಳು ತೋಳು ಬಿಟ್ಟಳು.

ಜನ ಸುತ್ತುಗಟ್ಟಿದರು. ಓರಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಬಿಚ್ಚು ಡಾರೆಲ್. ಒಳಗೆ ಏನಿದೆ ಅಂತ ನಾನೂ ಒಂದ್ಸಲ ನೋಡಿದ ಹಾಗಾಗತ್ತೆ."

ಎಲ್ಲರೂ ನಕ್ಕರು. ಎಂಥ ಭಂಡ ಎಂದುಕೊಂಡ ವರ್ಲಿನ್.

ಡಾರೆಲ್ ಬಿಚ್ಚಿ, ಒರೆಸಿ, ಅಳೆದ. "ಎಲ್ಲ ಕಂಪನಿ ಅಳತೆನೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಜೋಡಿಸಿರೋ ಚೆಂದ ಮಾತ್ರ ನೋಡ್ರಪ್ಪ, ವಾಚ್ ಇದ್ದ ಹಾಗಿದೆ."

ವರ್ಲಿನ್‌ನ ಮುಖ ಹುಳ್ಳಗಾಯಿತು. ಆದರೂ ಎದೆಯುಬ್ಬಿಸಿ ತನ್ನ ಟ್ರ್ಯಾಕ್ಟರಿನ ಪಕ್ಕ ನಿಂತ. ಸೋತರೂ ಸಾಚಾ ಎನಿಸಿಕೊಳ್ಳುವ ಭಾಗ್ಯವನ್ನು ಯಾರು ಕಿತ್ತುಕೊಂಡಾರು?

ಡಾರೆಲ್ ಅದನ್ನೂ ಬಿಚ್ಚಿ ಅಳೆದ. ಕನ್ನಡಕ ಒರೆಸಿಕೊಂಡು ಮತ್ತೆ ಅಳೆದ. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದ: "ವರ್ಲಿನ್, ಈ ದಪ್ಪ ಪಿಸ್ಟನ್ ಯಾವಾಗ ಹಾಕಿಸಿದೆ ಮಾರಾಯ?"

"ಏನು?"

"ವಾಲ್ವ್ ಎತ್ತೋ ದಂಡಾನೂ ಉಜ್ಜಿ ಬೇರೆ ಆಕಾರಕ್ಕೆ ತಂದಿದೆ. ಇದು ಮೂಲ ಎಂಜಿನ್ ಅಲ್ಲ. ಇಷ್ಟೆಲ್ಲ ಇಟ್ಕೊಂಡೂ ಇವತ್ತು ಸೋತೆಯಲ್ಲ."

ವರ್ಲಿನ್ ತನ್ನ ಹೆಸರಾಂತ ಬಲಗೈಯನ್ನು ಪಕ್ಕದ ಮನೆಯವನತ್ತ ಚಾಚಿದ. "ಓರಿನ್... ಇವನೇ ಕದ್ದು ಬಂದು ಹಾಕಿದಾನೆ."

"ಸವೆತ ನೋಡು. ಎಷ್ಟೋ ವರ್ಷ ಓಡಿರೋ ಪಿಸ್ಟನ್ ಇದು," ಎಂದ ಡಾರೆಲ್. "ಓರಿನ್ ಟ್ರ್ಯಾಕ್ಟರ್ ಕೊಂಡಿದ್ದೇ ಹೋದ ವರ್ಷ."

ನಡೀನ್ ಹೆಣಿಗೆಯನ್ನು ಚೀಲಕ್ಕೆ ತುರುಕಿ, ಎದ್ದು ಬಂದು ಗಂಡನ ಪಕ್ಕ ನಿಂತಳು.

"ಚಾಂಪಿಯನ್ ಆಗೋಕೆ ಮುಂಚೆ ಸೋತ ವರ್ಷ ನೀನು ಮುಖ ಊದಿಸ್ಕೊಂಡು ಕೂತಿದ್ದು ನೋಡೋಕಾಗದೆ, ನೀನು ಫ್ಲಾರಿಡಾಗೆ ಹೋದಾಗ ನಿನ್ನ ಎಂಜಿನ್ ನಾನೇ ಕಟ್ಟಿದೆ, ವರ್ಲಿನ್," ಎಂದಳು. "ಓರಿನ್‌ದು ಕಟ್ಟಿದ್ದು ಮಾತ್ರ, ಮೋಸ ಇಲ್ಲದೆ ಕಟ್ಟಿದ್ರೂ ಗೆಲ್ತೀನಾ ಅಂತ ನೋಡೋಕೆ."