ಟಕ್ ಎಂಬ ಸದ್ದು

ಸರ್ವರಿನ ಹಿಂಬದಿಯ ಹಸಿರು ದೀಪ ಮತ್ತೆ ಆರಿತು. ಪ್ರಯೋಗಾಲಯದಿಂದ ವಾರ್ಡಿಗೆ ಹೋಗಬೇಕಿದ್ದ ರಕ್ತಪರೀಕ್ಷೆಯ ವರದಿಗಳು ನಡುದಾರಿಯಲ್ಲೇ ನಿಂತವು. "ನಿನ್ನೆ ತಾನೇ ಹೊಸ ಕೇಬಲ್ ಹಾಕಿದ್ರಲ್ಲ ಯಜಮಾನ್ರೇ?" ವಾರ್ಡಿನ ಕಡೆಯ ಬಾಗಿಲಲ್ಲಿ ನಿಂತ ಡಾಕ್ಟರಮ್ಮ ಕೇಳಿದರು. ನೆಟ್‌ವರ್ಕ್ ಕೆಲಸದಲ್ಲೇ ತಲೆ ನರೆತವನಿಗೆ ಮುಖಕ್ಕೆ ಹೊಡೆದಂತಾಯಿತು. ಸೆಟ್ಟಿಂಗ್ ನೋಡಿದ್ದ, ಸ್ವಿಚ್ ಬದಲಿಸಿದ್ದ. ತನ್ನ ಕೈಯಾರೆ ಸಿಕ್ಕಿಸಿದ ಕೇಬಲ್ಲಿನ ಮೇಲೆ ಮಾತ್ರ ಅವನಿಗೆ ಸಂಶಯವೇ ಬಂದಿರಲಿಲ್ಲ.

ಅವನ ಜೊತೆಗೇ ಕೆಲಸ ಮಾಡುವ ಮಗಳು ಕೇಬಲ್ಲಿನ ತುದಿಯನ್ನು ಮುಟ್ಟಿದಳು. ಅದು ಅಲ್ಲಾಡಿತು. ಅವಳು ಅಪ್ಪನ ಮುಖ ನೋಡಿದಳು. 'ಟಕ್ ಅನ್ನೋವರೆಗೂ ಒತ್ತು, ಟಕ್ ಅಂದ್ರೇನೇ ಕೂತ ಹಾಗೆ' ಎಂದು ಅವಳಿಗೆ ಕಲಿಸಿದವನು ಅವನೇ. ಆ ಸದ್ದು ಈಚೆಗೆ ತನಗೆ ಕೇಳಿಸುತ್ತಿಲ್ಲವೆಂದು ಅವನು ಮನೆಯಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ.

ಮಗಳು ಅವನ ಹೆಬ್ಬೆರಳನ್ನು ಹಿಡಿದು ಆ ತುದಿಯ ಮೇಲಿಟ್ಟಳು. ಅದರ ಮೇಲೆ ತನ್ನ ಬೆರಳಿಟ್ಟು ಒತ್ತಿದಳು. ಕೇಬಲ್ಲಿನ ತುದಿಯ ಪುಟ್ಟ ಕೊಕ್ಕೆ ಒಳಗೆ ಕೂತದ್ದು ಅವನ ಚರ್ಮಕ್ಕೆ ತಿಳಿಯಿತು. "ಇನ್ಮೇಲೆ ಹೀಗೆ ಕೇಳಿಸ್ಕೋ ಅಪ್ಪ" ಎಂದು ಅವನಿಗೊಬ್ಬನಿಗೇ ಕಾಣುವಂತೆ ತುಟಿಯಾಡಿಸಿದಳು. ದೀಪ ಹೊತ್ತಿತು, ಈ ಸಲ ಆರಲಿಲ್ಲ.

"ಅಂತೂ ಸರಿಹೋಯ್ತು! ಯಾರ ಕೈಗುಣ ಇದು?" ಡಾಕ್ಟರಮ್ಮ ನಕ್ಕರು.

"ನನ್ನ ಮಗಳದ್ದು" ಎಂದು ಅವನು ಮೆಲ್ಲಗೆ ಹೇಳಿದ. ಮೆಲ್ಲಗೆ ಎಂದು ಅವನು ಅಂದುಕೊಂಡದ್ದಷ್ಟೇ. ವಾರ್ಡಿನ ಕೊನೆಯ ಹಾಸಿಗೆಯಲ್ಲಿ ಮಲಗಿದ್ದವರೂ ಎದ್ದು ಕೂತರು.