ಕಲ್ಲುಗಣಿಯ ತಳ

ಮೂರನೆಯ ದಿನ ಬೆಳಗಿನ ಹೊತ್ತಿಗೆ ಹಳೆಯ ಕಲ್ಲುಗಣಿಯ ನೀರು ಆಳೆತ್ತರಕ್ಕೆ ಇಳಿದಿತ್ತು. ಎರಡು ಪಂಪುಗಳು ಒಂದೇ ಸಮನೆ ಮೊರೆಯುತ್ತಿದ್ದವು. ದಡದಲ್ಲಿ ಊರಿಗೆ ಊರೇ ನೆರೆದಿದ್ದರೂ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.

ನಿವೃತ್ತ ಪೇದೆ ಎಲ್ಲರಿಗಿಂತ ಹಿಂದೆ, ಬಂಡೆಗೆ ಬೆನ್ನು ಕೊಟ್ಟು ನಿಂತಿದ್ದ.

"ಇಷ್ಟು ವರ್ಷ ನೀರು ತೆಗೆಯೋದು ಬೇಡ ಅಂತ ಅಡ್ಡ ಹಾಕಿದ್ದು ನೀವೇ ಅಂತೆ?" ಹೊಸದಾಗಿ ಬಂದಿದ್ದ ಪೊಲೀಸ್ ಅಧಿಕಾರಿಣಿ ಹತ್ತಿರ ಬಂದು ಕೇಳಿದಳು.

"ತಳದಲ್ಲಿ ಬರೀ ಕೆಸರು ಮೇಡಂ."

"ಹುಡುಗಿ ಸಿಕ್ಕಿಬಿಟ್ಟರೆ ಅಂತ ಭಯಾನಾ?"

"ಸಿಕ್ಕರೆ ಒಳ್ಳೇದೇ," ಎಂದ ಪೇದೆ.

ಅವಳು ಅವನನ್ನೇ ದಿಟ್ಟಿಸಿ ನೋಡಿ ಮುಂದೆ ಹೋದಳು.

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಹಿಟ್ಟಿನ ಗಿರಣಿಯವನ ಮಗಳು ಕಾಣೆಯಾದಳು. ಹದಿನಾರು ವರ್ಷ. ಶಾಲೆಯ ಚೀಲ ಮತ್ತು ಒಂಟಿ ಚಪ್ಪಲಿ ಈ ಗಣಿಯ ಅಂಚಿನಲ್ಲಿ ಸಿಕ್ಕಿದ್ದವು. ಅವನ್ನು ಮೊದಲು ಕಂಡವನು ಪೇದೆ. ಮುಳುಗುಗಾರರು ಎರಡು ದಿನ ಒದ್ದಾಡಿ, ತಳ ಸಿಗದೆ ಕೈಚೆಲ್ಲಿದರು.

ಅಲ್ಲಿಯವರೆಗೆ ಆ ಊರಲ್ಲಿ ಕಳ್ಳತನವೆಂದರೆ ಎರಡು ಕೋಳಿ, ಒಂದು ಸೈಕಲ್ ಪಂಪು. ಆಮೇಲೆ ಮನೆಮನೆಗೂ ಬೀಗ ಬಂತು. ಮಕ್ಕಳು ಗುಂಪುಗಟ್ಟಿ ಶಾಲೆಗೆ ಹೋಗತೊಡಗಿದರು. ಗಿರಣಿಯವನೇ ಮುಂದೆ ನಿಂತು ಕಾವಲು ಸಮಿತಿ ಕಟ್ಟಿದ. ಅಪರಿಚಿತ ಮುಖ ಕಂಡರೆ ಸೀಟಿ ಊದಬೇಕು, ಹೆಸರು ಕೇಳಬೇಕು. ತನ್ನ ಮನೆ ದೀಪ ಆರಿದರೂ ಊರಿನ ಮಕ್ಕಳಿಗಾಗಿ ಓಡಾಡುವ ಪುಣ್ಯಾತ್ಮ ಎಂದು ಜನ ಅವನನ್ನು ತಲೆಯ ಮೇಲಿಟ್ಟುಕೊಂಡರು.

ಅವನ ಸಂಕಟ ಒಂದೆರಡಲ್ಲ. ಮಗಳು ಕಾಣೆಯಾಗುವ ಎರಡು ವರ್ಷ ಮೊದಲು ಹೆಂಡತಿ ಗಿರಣಿಯ ಮೆಟ್ಟಿಲಿಂದ ಬಿದ್ದು ಸತ್ತಿದ್ದಳು. ಅಪಘಾತ ಎಂದು ಬರೆದುಕೊಂಡವನೂ ಇದೇ ಪೇದೆ. ಮೇಲಿನವರು ಹೇಳಿದ ಹಾಗೆ ಬರೆದು ರುಜು ಹಾಕಿದ್ದ. ಆಮೇಲೆ ಗಿರಣಿಯವನು ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದ. ಶಾಲೆ ಬಿಟ್ಟರೆ ಮನೆ. ಬಿರುಬೇಸಿಗೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಅಂಗಿ. ಅವಳ ಕೋಣೆಗೆ ಹೊರಗಿನಿಂದ ಚಿಲಕ. "ಅಷ್ಟು ಜೋಪಾನ ಮಾಡಿದ ಮಗಳು!" ಎಂದು ಹೆಂಗಸರು ಇಂದಿಗೂ ಕಣ್ಣೊರೆಸಿಕೊಳ್ಳುತ್ತಿದ್ದರು.

ಅವಳು ಕಾಣೆಯಾದ ಮೂರನೆಯ ದಿನ ಜನರ ಅನುಮಾನ ಹಳೆ ಕಬ್ಬಿಣ ಕೊಳ್ಳುವವನ ಮೇಲೆ ತಿರುಗಿತು. ಪೇದೆ ಓಡಿ ಬರುವಷ್ಟರಲ್ಲಿ ಅವನ ಕಾಲು ಮುರಿದಾಗಿತ್ತು.

"ನಾನೇನು ಮಾಡಿದೆ ಸ್ವಾಮಿ? ನೀವಾದರೂ ಹೇಳಿ."

ಅವನು ಏನೂ ಮಾಡಿಲ್ಲವೆಂದು ಪೇದೆಗೆ ಗೊತ್ತಿತ್ತು. ಹುಡುಗಿಯನ್ನು ಕೊನೆಯದಾಗಿ ನೋಡಿದವನು ತಾನೇ ಎಂಬುದೂ ಗೊತ್ತಿತ್ತು. ಬಾಯಿ ಬಿಟ್ಟಿದ್ದರೆ ಸಾಕಿತ್ತು. ಬಿಡಲಿಲ್ಲ. ಅವನನ್ನು ಗಾಡಿಗೆ ಹತ್ತಿಸಿ ಊರಾಚೆಯ ಆಸ್ಪತ್ರೆಗೆ ಕಳಿಸಿದ, ಅಷ್ಟೆ. ಆ ಮನುಷ್ಯ ಮತ್ತೆ ಬರಲಿಲ್ಲ. ಅವನ ಪ್ರಶ್ನೆ ಮಾತ್ರ ಇಲ್ಲೇ ಉಳಿಯಿತು. ಗಡ್ಡ ಹೆರೆದುಕೊಳ್ಳುವಾಗ, ಚಾ ಕುದಿಯುವುದನ್ನು ಕಾಯುವಾಗ, ಬೆನ್ನ ಹಿಂದಿನಿಂದ ಯಾರೋ ಮೆಲ್ಲಗೆ ಕೇಳುತ್ತಿದ್ದರು: ನೀವಾದರೂ ಹೇಳಿ.

"ಏನೋ ಸಿಕ್ತು!"

ಕೆಳಗಿನಿಂದ ಕೂಗು ಬಂತು. ಜನ ಅಂಚಿಗೆ ನುಗ್ಗಿದರು. ಪೇದೆ ಬಂಡೆಯ ಬಳಿಯೇ ಉಳಿದ. ಕೆಸರಿನಿಂದ ಒಂದು ಗೋಣಿಚೀಲ ಎಳೆದರು. ಒಳಗೆ ಮೂಳೆ. ಪೊಲೀಸರ ಜೊತೆ ಬಂದಿದ್ದ ವೈದ್ಯ ಬಗ್ಗಿ, ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ, ಅಲ್ಲವೆಂದು ತಲೆಯಾಡಿಸಿದ.

"ಮೇಕೆದು."

ಮಧ್ಯಾಹ್ನದವರೆಗೆ ಗುದ್ದಲಿ ಹಿಡಿದು ತಳವನ್ನು ಇಂಚಿಂಚು ಕೆದಕಿದರು. ತುಕ್ಕು ಹಿಡಿದ ಪೀಪಾಯಿ, ಟೈರು, ಗಾಲಿಯಿಲ್ಲದ ಸೈಕಲ್ಲು. ಬೇರೇನೂ ಇಲ್ಲ. ಪಂಪು ನಿಂತಿತು. ಆ ಮೌನದಲ್ಲಿ ಅಧಿಕಾರಿಣಿಯ ಮಾತು ಎಲ್ಲರಿಗೂ ಕೇಳಿಸಿತು.

"ಹುಡುಗಿ ಇಲ್ಲಿ ಬಿದ್ದೇ ಇಲ್ಲ."

ಗಿರಣಿಯವನು ಜನರನ್ನು ಸರಿಸಿಕೊಂಡು ಪೇದೆಯ ಬಳಿಗೆ ಬಂದ. ವರ್ಷವರ್ಷವೂ ಇದೇ ಅಂಚಿನಲ್ಲಿ, ಇದೇ ಹೆಗಲ ಮೇಲೆ ತಲೆಯಿಟ್ಟು ಅತ್ತವನು. ಇಂದು ಅವನ ಕಣ್ಣು ಒಣಗಿತ್ತು.

"ಚಪ್ಪಲಿ ಇಲ್ಲೇ ಸಿಕ್ತು ಅಂದಿದ್ದೆ ಅಲ್ವಾ ನೀನು?"

"ಹೌದು."

"ಆದರೆ ಅವಳು ಇಲ್ಲಿಲ್ಲ." ಗಿರಣಿಯವನ ಕೈ ಪೇದೆಯ ಹೆಗಲ ಮೇಲೆ ಬಿತ್ತು. ಹಿಟ್ಟಿನ ಮೂಟೆ ಎತ್ತಿ ಎತ್ತಿ ಗಟ್ಟಿಯಾದ ಬೆರಳುಗಳು ಒತ್ತಿದವು. "ಹಾಗಾದರೆ ಬದುಕಿದ್ದಾಳೆ. ಎಲ್ಲಿದ್ದರೂ ಹುಡುಕಿ ಮನೆಗೆ ಕರ್ಕೊಂಡು ಬರ್ತೀನಿ."

ಹತ್ತಿರವಿದ್ದ ಹೆಂಗಸರು ಸಂತೋಷಕ್ಕೆ ಅತ್ತೇಬಿಟ್ಟರು. ಊರೂರಿಗೆ ಫೋಟೋ ಹಂಚೋಣ ಎಂದು ಸಮಿತಿಯವರೊಬ್ಬರು ಕೂಗಿದರು. ಅಧಿಕಾರಿಣಿ ಗಿರಣಿಯವನ ಕೈ ಹಿಡಿದು, "ನಾವು ಹುಡುಕಿಕೊಡ್ತೀವಿ," ಎಂದಳು. ಆಮೇಲೆ ಪೇದೆಯ ಕಡೆ ತಿರುಗಿ, "ನಾಳೆ ಠಾಣೆಗೆ ಬನ್ನಿ. ಆ ಚಪ್ಪಲಿ ವಿಷಯ ಮೊದಲಿಂದ ಹೇಳಬೇಕು," ಎಂದಳು.

ಪೇದೆ ತಲೆಯಾಡಿಸಿ ಮನೆಯ ದಾರಿ ಹಿಡಿದ. ಬಾಗಿಲು ಹಾಕಿದ, ಕಿಟಕಿ ಮುಚ್ಚಿದ. ಯಾವ ಚೀಟಿಯಲ್ಲೂ ಬರೆದಿಡದ ನಂಬರು ಬೆರಳಿಗೆ ಎರಡು ಸಲ ತಪ್ಪಿತು. ಮೂರನೆಯ ಸಲ ಒಬ್ಬ ಹೆಂಗಸು ಫೋನ್ ಎತ್ತಿದಳು. ಹಿಂದೆ ಮಗುವೊಂದು ನಗುತ್ತಿತ್ತು.

"ಇವತ್ತೇ ಆ ಊರು ಬಿಡು ಮಗಳೇ," ಎಂದ ಪೇದೆ. "ನೀನು ಸತ್ತಿಲ್ಲ ಅಂತ ನಿಮ್ಮಪ್ಪನಿಗೆ ಗೊತ್ತಾಯ್ತು."