ಹೊಳೆಗೆ ಬಿಸಾಕಿದ ಹಾಸಿಗೆ

“ಸತ್ತವರ ಹಾಸಿಗೆ ಕೇಳ್ಕೊಂಡು ಮನೆ ಬಾಗಿಲಿಗೆ ಬಂದೀಯಲ್ಲ, ನಾಚ್ಕೆ ಆಗಲ್ವೇನು ನಿಂಗೆ?”

“ನಾಚ್ಕೆ ಯಾಕಣ್ಣ? ಮುಂದಿನ ಸರದಿ ನಂದೈತೆ.”

“ಸರದಿನಾ? ನಮ್ಮವ್ವ ಸಾಯೋದು ನಿಂಗೆ ರೇಷನ್ ಅಂಗಡಿ ಕ್ಯೂ ಆಯ್ತಾ?”

ಹೀಗೆ ಕೂಗಾಡಿದವನು ಬೇರೆ ಯಾರೂ ಅಲ್ಲ... ನಾನೇ.

ಹರಿಹರದಲ್ಲಿ ನನ್ನದು ಟೈಲ್ಸ್ ಅಂಗಡಿ. ಹಿಂದಿನ ದಿನವಷ್ಟೇ ಅವ್ವನ ಹನ್ನೊಂದನೇ ದಿನದ ಕಾರ್ಯ ಮುಗಿದಿತ್ತು. ಉಂಡವರನ್ನೆಲ್ಲ ಕಳಿಸಿ, ಶಾಮಿಯಾನ ಬಿಚ್ಚಿಸಿ, ಸುಸ್ತಾಗಿ ಕೂತಿದ್ದೆ.

ಆಗ ಬಂದಳು ಈ ಹೆಂಗಸು. ಹನುಮಕ್ಕ ಅಂತ ಹೆಸರು. ಗಾರೆ ಕೆಲಸದವಳು. ಸೀರೆಯ ಅಂಚಿಗೆ ಹಳೆಯ ಸಿಮೆಂಟ್ ಒಣಗಿ ಅಂಟಿಕೊಂಡಿತ್ತು.

ಅವಳು ಕೇಳಿದ್ದು ಅವ್ವ ಮಲಗಿದ್ದ ಏರ್‌ಬೆಡ್. ಮೋಟರ್ ಹಾಕಿ ಗಾಳಿ ತುಂಬುವ ಹಾಸಿಗೆ... ತಿಂಗಳುಗಟ್ಟಲೆ ಮಲಗಿದಲ್ಲೇ ಇರುವವರಿಗೆ ಬೆನ್ನು ಹುಣ್ಣಾಗದಿರಲಿ ಅಂತ ಹಾಕುತ್ತಾರೆ.

“ನಮ್ಮ ಮನೆಯೋರು ತಾರಸಿ ಹಾಕೋ ಸೆಂಟ್ರಿಂಗ್ ಹಲಗೆ ಮೇಲಿಂದ ಬಿದ್ದು ಸೊಂಟ ಹೋಗೈತಣ್ಣ. ಬೆನ್ನೆಲ್ಲ ಹುಣ್ಣಾಗೈತೆ. ನಿಮ್ಮದು ಮುಗಿದ ಮೇಲೆ ಹಾಸಿಗೆ ನಿನಗೇ ಅಂದಿದ್ರು.”

“ಯಾರು ಅಂದಿದ್ದು? ನನ್ನ ಮನೆ ಸಾಮಾನು ಹಂಚೋಕೆ ಅವರ್ಯಾರು?”

ಒಳಗಿನಿಂದ ನನ್ನ ಹೆಂಡತಿ ಅನಸೂಯ ಬಂದಳು.

“ಅದು ನಮ್ಮ ಮನೆ ಸಾಮಾನಲ್ಲ ರೀ” ಅಂದಳು. ದನಿ ಏರಿಸಲಿಲ್ಲ. ಹನ್ನೊಂದು ದಿನ ಬಂದವರಿಗೆಲ್ಲ ಬೇಯಿಸಿ ಹಾಕಿ, ದನಿ ಏರಿಸುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

“ಆಸ್ಪತ್ರೆ ಹಿಂದಿನ ಬೀದಿಯಾಗೆ ರಿಟೈರ್ಡ್ ಕಾಂಪೌಂಡರ್ ಒಬ್ರು ಒಂದು ರೂಮ್ ಮಾಡಿದಾರೆ. ಜನ ಬೇಡ ಅಂದ ಗಾಲಿಕುರ್ಚಿ, ವಾಕರ್, ಹಾಸಿಗೆ ಎಲ್ಲ ಇಸ್ಕೊಂಡು ಬೇಕಾದೋರಿಗೆ ಕೊಡ್ತಾರೆ. ಅತ್ತೆಗೆ ಅಲ್ಲಿಂದಲೇ ತಂದಿದ್ದೆ. ನಿಮಗೂ ಹೇಳಿದ್ದೆ. ನೀವು ಫೋನ್‌ನಾಗೆ ಮಾತಾಡ್ತಿದ್ರಿ, ಹೂಂ ಅಂದ್ರಿ.”

ಅವಳು ಅದನ್ನು ಅಂಗಡಿಯಿಂದ ಕೊಂಡು ತಂದಿದ್ದಾಳೆ ಅಂದುಕೊಂಡಿದ್ದೆ ನಾನು...

“ಅತ್ತೆಗಿಂತ ಮುಂಚೆ ಅದರ ಮೇಲೆ ಮೂರು ಜನ ಮಲಗಿದ್ರು. ಮೂರೂ ಜನ ಹೋದ್ರು. ನಿಮ್ಮವ್ವ ಎಂಟು ತಿಂಗಳು ಮಲಗಿದ್ದು ಸತ್ತವರ ಹಾಸಿಗೆ ಮೇಲೇ. ಮೈಮೇಲೆ ಒಂದು ಹುಣ್ಣಾಗಲಿಲ್ಲ.”

ಈಗ ಅದನ್ನು ವಾಪಸ್ ಕೊಡುವಂತೆಯೂ ಇರಲಿಲ್ಲ.

ಯಾಕೆಂದರೆ ಹಾಸಿಗೆ ಮನೆಯಲ್ಲಿ ಇರಲೇ ಇಲ್ಲ.

ಸತ್ತವರು ಮಲಗಿದ್ದನ್ನು ನಮ್ಮಲ್ಲಿ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಮೂರನೇ ದಿನ ಚಿಕ್ಕಪ್ಪ ಹೇಳಿದರು, ನಾನು ಗೂಡ್ಸ್ ಆಟೋ ತರಿಸಿದೆ. ಹಾಸಿಗೆ, ವಾಕರ್, ಕಂಬಳಿ, ಅವ್ವ ಒಮ್ಮೆಯೂ ಉಡದ ನಾಲ್ಕು ಸೀರೆ... ಎಲ್ಲ ತುಂಬಿಕೊಂಡು ಹೋಗಿ ಹೊಳೆಯ ಸೇತುವೆ ಕೆಳಗೆ ಬಿಸಾಕಿ ಬಂದೆ. ಅಲ್ಲಿ ಆಗಲೇ ಎಷ್ಟೋ ಮನೆಗಳ ಹಾಸಿಗೆ, ದಿಂಬು ಕೊಳೆಯುತ್ತಾ ಬಿದ್ದಿದ್ದವು.

ಅವತ್ತೇ ಅನಸೂಯ, “ರೀ, ಅದನ್ನ ಹಾಕ್ಬೇಡಿ, ವಾಪಸ್ ಕೊಡೋದೈತೆ” ಅಂದಿದ್ದಳು.

ನೆಂಟರೆಲ್ಲರ ಮುಂದೆ, “ಬಾಯಿ ಮುಚ್ಕೊಂಡು ಒಳಗೆ ಹೋಗು” ಅಂದಿದ್ದೆ. ಯಾರಿಗೆ, ಯಾಕೆ ಅಂತ ಒಂದು ಮಾತು ಕೇಳಲಿಲ್ಲ.

“ಹಾಸಿಗೆ ಎಲ್ಲೈತಣ್ಣ?” ಹನುಮಕ್ಕ ಕೇಳಿದಳು.

“ಹೊಳೆಗೆ ಹಾಕ್ದೆ.”

“ಯಾವಾಗ?”

“ಮೂರನೇ ದಿನ.”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು...

“ನಾನು ಎರಡನೇ ದಿನಾನೇ ಬಂದಿದ್ದೆ ಅಣ್ಣ. ಬೀದಿ ತುದಿವರೆಗೂ ಬಂದೆ. ಒಳಗೆ ಅಳ್ತಿದ್ರು. ದುಃಖದಾಗಿರೋ ಮನೆಗೆ ಹೋಗಿ ಹೆಂಗೆ ಕೇಳೋದು, ಸೂತಕ ಕಳೀಲಿ ಅಂತ ವಾಪಸ್ ಹೋದೆ.”

ಚೌಕಟ್ಟು ಬಿಟ್ಟು ನೆಟ್ಟಗೆ ನಿಂತಳು.

“ಹತ್ತು ದಿನ ಆತು. ಹಗಲು ಕೆಲಸಕ್ಕೆ ಹೋಗದೆ ಅವರನ್ನ ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳಿಸ್ತಾ ಕೂತಿದ್ದೆ. ಹುಣ್ಣಾಗೆ ಮೂಳೆ ಕಾಣೋಕೆ ಹತ್ತೈತೆ. ನಿಮ್ಮವ್ವನ ದಿನ ಆಗ್ಲಿ ಅಂತ ನಾನು ಕಾದೆ... ನೀವು ಕಾಯ್ಲಿಲ್ಲ.”

ಅನಸೂಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ನನಗೆ ಅಳುವುದಕ್ಕೂ ಮುಖವಿರಲಿಲ್ಲ.

“ಕೂತ್ಕೋ ತಾಯಿ, ಹೊಸದೇ ತರಿಸಿ ಕೊಡ್ತೀನಿ. ನಾಳೆ ಮಧ್ಯಾಹ್ನದೊಳಗೆ ಬರುತ್ತೆ” ಅಂದೆ.

“ಕೊಡ್ರಣ್ಣ, ಕಾಂಪೌಂಡರ್ ಹತ್ರ ಕೊಡ್ರಿ. ನಮ್ಮೋರಿಗೆ ತಡ ಆತು, ಬೇರೆ ಯಾರಿಗಾದ್ರೂ ಆಗುತ್ತೆ” ಅಂದಳು. “ಅವರನ್ನ ಹೊರಳಿಸೋ ಹೊತ್ತಾತು. ಬರ್ತೀನಿ ಅಕ್ಕ.”

ಅಕ್ಕ ಅಂದದ್ದು ಅನಸೂಯಳಿಗೆ. ನನ್ನ ಕಡೆ ನೋಡಲಿಲ್ಲ. ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿಕೊಂಡು ಹೋದಳು.

ನಾನು ಹೊಳೆಗೆ ಓಡಿದೆ. ಹಾಸಿಗೆ ಸಿಕ್ಕಿತು. ಟ್ಯೂಬು ಹರಿದು, ಒಳಗೆಲ್ಲ ಕೆಸರು. ಮೋಟರ್ ಇರಲಿಲ್ಲ.

ಮರುದಿನ ದಾವಣಗೆರೆಯಿಂದ ಹೊಸ ಹಾಸಿಗೆ ತಂದು ಆ ರೂಮಿನಲ್ಲಿಟ್ಟೆ. ಕಾಂಪೌಂಡರ್ ಅವಳ ಹೆಸರು ಬರೆದು ಚೀಟಿ ಅಂಟಿಸಿದರು. ಅವಳಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಕಾಂಪೌಂಡರ್ ಕೊಟ್ಟ ವಿಳಾಸ ಹಿಡಿದು ನಾನೂ ಅನಸೂಯಳೂ ಅವಳಿದ್ದ ಬಾಡಿಗೆ ಮನೆಗೆ ಹೋದೆವು... ಬೀಗ. ಗಂಡನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಬೆಳಗ್ಗೆಯೇ ಹೋದಳು, ಯಾವ ಕಡೆ ಅಂತ ಗೊತ್ತಿಲ್ಲ ಅಂದರು ಪಕ್ಕದ ಮನೆಯವರು.

ಆಮೇಲೆ ಮನೆಯಲ್ಲಿದ್ದ ಹಳೆಯ ಪಾತ್ರೆ, ಕುರ್ಚಿ, ಬಟ್ಟೆ ಎಲ್ಲ ಒಗೆದು ಒರೆಸಿ ಆ ರೂಮಿಗೆ ಕೊಟ್ಟೆವು. ಬೇಕಾದವರು ಬಂದು ತೆಗೆದುಕೊಂಡು ಹೋದರು.

ಹಾಸಿಗೆ ಮಾತ್ರ ಒಂದು ತಿಂಗಳು ಅವಳ ಹೆಸರಿನಲ್ಲೇ ಇತ್ತು. ಕೊನೆಗೆ ಬೇರೆ ಯಾರಿಗೋ ತುರ್ತಾಗಿ ಬೇಕಾಯಿತು, ಕೊಟ್ಟರು.

ಹನುಮಕ್ಕ ಮತ್ತೆ ಬರಲಿಲ್ಲ.

*

ನಿಮಗೆ ಬೇಡವಾದದ್ದನ್ನು ಬಿಸಾಕುವ ಮುಂಚೆ, ಅದು ಬೇಕಾದವರು ಊರಲ್ಲಿ ಯಾರಿದ್ದಾರೆ ಎಂದು ಒಂದು ಮಾತು ಕೇಳಿ.

ನಿಮ್ಮ ಅಟ್ಟದ ಮೇಲೆ, ಮಂಚದ ಕೆಳಗೆ ಏನೇನು ಸುಮ್ಮನೆ ಬಿದ್ದಿದೆ... ಇವತ್ತೇ ಎದ್ದು ನೋಡುತ್ತೀರಾ?